‘ರಾಶಿ ಎಷ್ಟು?’ ಎಂದರೆ ಚೀಲದ ಲೆಕ್ಕ ಹೇಳುವ ಏಜೆಂಟ್

ಪ್ರಶ್ನೆ: ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುವ ಎಐ ಏಜೆಂಟ್ ಸಿದ್ಧಪಡಿಸುತ್ತಿದ್ದೇನೆ. ಅದರ ಕೈಗೆ ಮೂರು ಟೂಲ್‌ಗಳನ್ನು (ಬೇಕಾದಾಗ ಅದು ಕರೆದು ಬಳಸುವ ಪುಟ್ಟ ಪ್ರೋಗ್ರಾಂಗಳನ್ನು) ಕೊಟ್ಟಿದ್ದೇನೆ: ಧಾರಣೆ ನೋಡಲು, ಗೋದಾಮಿನ ದಾಸ್ತಾನು ನೋಡಲು, ಮಾರಾಟಕ್ಕೆ ನೋಂದಾಯಿಸಲು. ಮೊದಲನೆಯದರ ವಿವರಣೆ ‘ಅಡಿಕೆಯ ಮಾಹಿತಿ ಪಡೆಯುತ್ತದೆ’, ಎರಡನೆಯದರದು ‘ಸಂಘದ ಅಡಿಕೆಯ ಮಾಹಿತಿ ಕೊಡುತ್ತದೆ’. ಸದಸ್ಯರು ‘ಇವತ್ತು ರಾಶಿ ಎಷ್ಟು?’ ಎಂದು ಕೇಳಿದರೆ ಎಷ್ಟೋ ಸಲ ಗೋದಾಮಿನ ಚೀಲಗಳ ಲೆಕ್ಕ ಬರುತ್ತದೆ. ಏಜೆಂಟ್‌ನ ಮಿದುಳಾದ ಎಐ ಮಾಡೆಲ್ ಬದಲಿಸಿ ಇನ್ನೂ ದುಬಾರಿಯದಕ್ಕೆ ಹೋಗಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ನಿಮ್ಮ ಎರಡು ವಿವರಣೆಗಳನ್ನು ಅದಲುಬದಲು ಮಾಡಿಟ್ಟರೆ ನನಗೂ ಗೊತ್ತಾಗುವುದಿಲ್ಲ, ಇನ್ನು ಮಾಡೆಲ್‌ನ ತಪ್ಪೇನು?

ಟೂಲ್‌ನ ಒಳಗಿನ ಕೋಡ್ ಮಾಡೆಲ್‌ಗೆ ಕಾಣುವುದಿಲ್ಲ. ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ (ಮಾರುಕಟ್ಟೆ, ದಿನಾಂಕದಂಥ, ಟೂಲ್‌ಗೆ ಕೊಡಬೇಕಾದ ವಿವರಗಳ) ಪಟ್ಟಿ, ಇಷ್ಟನ್ನೇ ಓದಿ ಯಾವುದನ್ನು ಕರೆಯಬೇಕೆಂದು ಅದು ತೀರ್ಮಾನಿಸುತ್ತದೆ. ಕನ್ನಡವೇನೋ ಅದಕ್ಕೆ ಬರುತ್ತದೆ. ಆದರೆ ಕನ್ನಡದಲ್ಲಿ ರಾಶಿ ಎಂದರೆ ಗುಡ್ಡೆ, ಜ್ಯೋತಿಷಿಯ ಬಳಿ ಹೋದರೆ ಮೇಷ, ವೃಷಭ. ಶಿವಮೊಗ್ಗದ ಮಂಡಿಯಲ್ಲಿ ಮಾತ್ರ ಅದು ಅಡಿಕೆಯ ಒಂದು ಬಗೆ. ‘ಸರಕು’ ಇನ್ನೂ ಫಜೀತಿಯ ಪದ. ಹೊರಗಿನವರಿಗೆ ಅದು ಯಾವುದೇ ಮಾಲು, ನಿಮಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯ ಅಡಿಕೆ. ಬಯಲುಸೀಮೆಯಿಂದ ಬಂದು ನಿನ್ನೆಯಷ್ಟೇ ಮಂಡಿಯ ಗುಮಾಸ್ತಿಕೆಗೆ ಸೇರಿದ ಹುಡುಗನೂ ಇಲ್ಲೇ ಎಡವುತ್ತಾನೆ. ಅವನಿಗೆ ಹೇಳಿಕೊಡುವುದನ್ನೇ ಟೂಲ್‌ನ ವಿವರಣೆಯಲ್ಲಿ ಬರೆಯಿರಿ. ನಾನಾದರೆ ಧಾರಣೆಯ ಟೂಲ್‌ಗೆ ಹೀಗೆ ಬರೆಯುತ್ತಿದ್ದೆ:

‘ಒಂದು ಮಾರುಕಟ್ಟೆಯಲ್ಲಿ ಒಂದು ದಿನ ಒಂದು ಬಗೆಯ ಅಡಿಕೆಗೆ ಸಿಕ್ಕ ಕನಿಷ್ಠ, ಗರಿಷ್ಠ ಧಾರಣೆಯನ್ನು ಕ್ವಿಂಟಲ್‌ಗೆ ಇಷ್ಟು ರೂಪಾಯಿ ಎಂದು ಕೊಡುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ ಇವು ಅಡಿಕೆಯ ಬಗೆಗಳು. ಸದಸ್ಯರು “ರಾಶಿ ಎಷ್ಟು” ಎಂದರೆ ಬೆಲೆ ಕೇಳುತ್ತಿದ್ದಾರೆ ಎಂದರ್ಥ. ಗೋದಾಮಿನಲ್ಲಿ ಎಷ್ಟು ಅಡಿಕೆ ಇದೆ ಎಂದು ತಿಳಿಯಲು ಇದನ್ನು ಬಳಸಬಾರದು, ಅದಕ್ಕೆ ದಾಸ್ತಾನಿನ ಟೂಲ್ ಇದೆ. ಮಂಡಿಗೆ ರಜೆಯಿದ್ದರೆ ಹಿಂದಿನ ವಹಿವಾಟಿನ ಧಾರಣೆಯೂ ಅದರ ದಿನಾಂಕವೂ ಬರುತ್ತವೆ.’

‘ಬಳಸಬಾರದು’ ಎಂಬ ಸಾಲನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಎರಡು ಟೂಲ್‌ಗಳ ನಡುವಿನ ಬೇಲಿ ಇರುವುದು ಅಲ್ಲಿಯೇ. ಕ್ವಿಂಟಲ್ ಎಂದು ಬರೆಯದೆ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ: ಟೂಲ್ ಬರೀ ಅಂಕಿ ಕೊಟ್ಟಿತು, ಏಜೆಂಟ್ ಅದಕ್ಕೆ ‘ಕಿಲೋಗೆ’ ಎಂದು ಸೇರಿಸಿ ಗಂಭೀರವಾಗಿ ಉತ್ತರಿಸಿತು. ರಜೆಯ ದಿನದ ಸಾಲೂ ಅಷ್ಟೇ ಮುಖ್ಯ. ಟೂಲ್ ಖಾಲಿ ಉತ್ತರ ಕೊಟ್ಟರೆ ಆ ಜಾಗವನ್ನು ಮಾಡೆಲ್ ತನ್ನ ಊಹೆಯಿಂದ ತುಂಬುವ ಅಪಾಯವಿದೆ. ಹಾಗೆಂದು ಕೋಡ್ ಮಾಡದ ಕೆಲಸವನ್ನು ವಿವರಣೆಯಲ್ಲಿ ಹೊಗಳಿ ಬರೆದರೆ ಮೊದಲಿಗಿಂತ ಕೆಟ್ಟದಾಗುತ್ತದೆ.

ಮಾರುಕಟ್ಟೆಯ ಹೆಸರನ್ನು ಮಾಡೆಲ್ ತನಗೆ ತೋಚಿದಂತೆ ಬರೆಯಲು ಬಿಡಬೇಡಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಎಂದು ಪಟ್ಟಿ ಕೊಟ್ಟು ಅದರಲ್ಲೇ ಆರಿಸಲು ಹೇಳಿ. ದಿನಾಂಕ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಎಂದಿರಲಿ. 03-07 ಎಂದಷ್ಟೇ ಇದ್ದರೆ ಅದು ಜುಲೈ ಮೂರೋ ಮಾರ್ಚ್ ಏಳೋ ತಿಳಿಯುವುದಿಲ್ಲ. ತಪ್ಪು ಹೆಸರು ಬಂದರೆ ‘ದೋಷ 400’ ಎಂದು ಮುಖಕ್ಕೆ ಬಾಗಿಲು ಹಾಕುವ ಬದಲು ‘ಈ ಹೆಸರಿನ ಮಾರುಕಟ್ಟೆ ಇಲ್ಲ, ಇರುವವು ಇವು’ ಎಂದು ಟೂಲ್ ತಿಳಿಸಲಿ. ಆ ಸಂದೇಶವನ್ನೂ ಮಾಡೆಲ್ ಓದಿ ತಿದ್ದಿಕೊಳ್ಳುತ್ತದೆ.

ನೋಂದಣಿಯ ಟೂಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಸದಸ್ಯರು ಒಪ್ಪಿದ ಮೇಲೆಯೇ ಕರೆಯಬೇಕು’ ಎಂದು ಬರೆಯಿರಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ವಿವರಣೆ ಬೀಗವಲ್ಲ. ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಹೊರತಂದ, ಎಐಗೆ ಟೂಲ್‌ಗಳನ್ನು ಜೋಡಿಸುವ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ ಈಗ ‘ಈ ಟೂಲ್ ಓದುತ್ತದೆ ಅಷ್ಟೇ’, ‘ಇದು ಅಳಿಸಿಹಾಕಬಲ್ಲದು’ ಎಂದು ಗುರುತು ಹಾಕುವ ಅವಕಾಶವಿದೆ. ಅವೂ ಸೂಚನೆಗಳು ಮಾತ್ರ. ಸದಸ್ಯರ ಒಪ್ಪಿಗೆ ಸಿಕ್ಕಿದೆಯೇ ಎಂಬ ತಪಾಸಣೆ ಕೋಡ್‌ನಲ್ಲೇ ಇರಬೇಕು.

ವಿವರಣೆಯನ್ನು ಪುರಾಣ ಮಾಡುವುದೂ ಬೇಡ. ಪ್ರತಿ ಪ್ರಶ್ನೆಯ ಜೊತೆಗೂ ಅದು ಮಾಡೆಲ್‌ಗೆ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಲೆಕ್ಕದಲ್ಲಿ ಹಣವೂ ಹೋಗುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಅದೇ ಮಾತಿಗೆ ಇಂಗ್ಲಿಷ್‌ಗಿಂತ ಕನ್ನಡ ಲಿಪಿ ಹೆಚ್ಚು ಟೋಕನ್ ತಿನ್ನುತ್ತದೆ. ಆ ಖರ್ಚು ಭಾರವೆನಿಸಿದರೆ ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ, ನನ್ನ ತಕರಾರಿಲ್ಲ. ಬೆಟ್ಟೆ, ಗೊರಬಲು ಮಾತ್ರ ಸದಸ್ಯರು ಟೈಪ್ ಮಾಡುವ ಹಾಗೆಯೇ ಇರಲಿ.

ಬದಲಾವಣೆ ಮಾಡುವ ಮೊದಲು ಸದಸ್ಯರು ನಿಜವಾಗಿ ಕೇಳಿದ ಮೂವತ್ತು ಪ್ರಶ್ನೆಗಳನ್ನು ಆರಿಸಿ, ಪ್ರತಿಯೊಂದರ ಎದುರು ಯಾವ ಟೂಲ್ ಎಂದು ನೀವೇ ಬರೆದುಕೊಳ್ಳಿ. ‘ಕೊಳೆ ಔಷಧಿ ಯಾವಾಗ ಹೊಡೆಯಬೇಕು?’ ಎಂಬಂಥ, ಯಾವ ಟೂಲೂ ಬೇಡದ ಪ್ರಶ್ನೆಗಳೂ ಅದರಲ್ಲಿರಲಿ. ಹಳೆಯ ವಿವರಣೆಯಲ್ಲೊಮ್ಮೆ, ಹೊಸದರಲ್ಲೊಮ್ಮೆ ಅಷ್ಟನ್ನೂ ಓಡಿಸಿ ನೋಡಿ. ‘ಸರಕು ಎಷ್ಟಿದೆ?’ ಎಂಬುದು ಪಟ್ಟಿಯಲ್ಲಿದ್ದರೆ ಅದರ ಎದುರು ಟೂಲ್‌ನ ಹೆಸರು ಬರೆಯಬೇಡಿ. ಕೇಳಿದ್ದು ಬೆಲೆಯೋ ದಾಸ್ತಾನೋ ಎಂದು ಮಂಡಿಯ ಹಳಬರೂ ಒಮ್ಮೆ ತಿರುಗಿ ಕೇಳುತ್ತಾರೆ, ಏಜೆಂಟ್ ಕೂಡ ಕೇಳಲಿ.