ತಂಗಿ ಮದುವೆಗೆ ಲೋನ್, ಊರಿಗೆ ತಿಂಗಳ ದುಡ್ಡು, ಉಳಿತಾಯ ಯಾವಾಗ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 27, ಬೆಂಗಳೂರಿನಲ್ಲಿ ಕೆಲಸ, ಕೈಗೆ ಬರುವುದು 48 ಸಾವಿರ. ಪಿಜಿಗೆ 9 ಸಾವಿರ, ಊರಿಗೆ 15 ಸಾವಿರ. ಮುಂದಿನ ವರ್ಷ ತಂಗಿ ಮದುವೆ. ಅದಕ್ಕೆ 8 ಲಕ್ಷ ಪರ್ಸನಲ್ ಲೋನ್ ತೆಗೆ ಅಂತ ಅಪ್ಪ ಹೇಳುತ್ತಿದ್ದಾರೆ. ಅದಾದ ಮೇಲೆ ನಿಮ್ಮ ಮದುವೆ. ಯೂಟ್ಯೂಬ್‌ನಲ್ಲಿ ನೋಡಿದರೆ ಸಂಬಳದಲ್ಲಿ ಇಷ್ಟು ಭಾಗ ಮೊದಲು ಎತ್ತಿಡಿ ಅನ್ನುತ್ತಾರೆ. "ಮನೆಯವರಿಗೆ ಇಲ್ಲ ಅನ್ನೋದು ಹೇಗೆ? ನಾನು ಉಳಿಸೋದು ಯಾವಾಗ?" ಇದು ನಿಮ್ಮ ಪ್ರಶ್ನೆ.

ನನಗೆ ಈಗ 49. ಅರಸೀಕೆರೆ ಕಡೆಯವನು, ಮನೆಗೆ ಹಿರಿಮಗ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕಂಪನಿಯ ಲೆಕ್ಕ ಪೈಸೆ ಪೈಸೆ ಬರೆದವನು, ಮನೆ ಲೆಕ್ಕವನ್ನು ಮಾತ್ರ ಇಪ್ಪತ್ತು ವರ್ಷ ಬಾಯಿಮಾತಿನಲ್ಲೇ ನಡೆಸಿದೆ. ಅದರಿಂದ ಏನಾಯಿತು ಅಂತ ಹೇಳುತ್ತೇನೆ, ನಿಮಗೆ ಬೇಕಾದ್ದು ತೆಗೆದುಕೊಳ್ಳಿ.

ಮೊದಲು ಒಂದು ಮಾತು. ತಂಗಿ ಮದುವೆಗೆ ನೀವು ಇಲ್ಲ ಅನ್ನುವುದಿಲ್ಲ. ನಾನೂ ಅನ್ನಲಿಲ್ಲ. ಆ ಸಂಕಟ ಬಿಟ್ಟುಬಿಡಿ. ಕೊಡುವುದಂತೂ ಕೊಡುತ್ತೀರಿ. ಏನಂತ ಕೊಡುತ್ತಿದ್ದೀರಿ ಅನ್ನುವುದು ಎರಡೂ ಕಡೆಯವರಿಗೆ ಗೊತ್ತಿರಬೇಕು, ಅಷ್ಟೆ. ಮನೆಯೊಳಗೆ ಕೊಡುವ ದುಡ್ಡು ಮೂರು ಥರ. ಅಮ್ಮನ ಮಾತ್ರೆ, ದಿನಸಿ, ಕರೆಂಟ್ ಬಿಲ್ಲು, ಇದೆಲ್ಲ ಖರ್ಚು. ಕೊಟ್ಟೆವು, ಮುಗಿಯಿತು. ತಮ್ಮ ಅಂಗಡಿ ಇಡುತ್ತೇನೆ ಅಂತ ಇಸಕೊಂಡರೆ ಅದು ಸಾಲ. ಮನೆಗೋ ಜಮೀನಿಗೋ ಹಾಕಿದ್ದು ಪಾಲು, ಅಂದರೆ ನಾಳೆ ಅದರಲ್ಲಿ ನನಗೂ ಏನೋ ಇದೆ ಅಂದುಕೊಂಡು ಹಾಕಿದ್ದು. ಕೊಟ್ಟವನು ಪಾಲು ಅಂದುಕೊಂಡಿರುತ್ತಾನೆ, ಇಸಕೊಂಡವರು ಖರ್ಚು ಅಂದುಕೊಂಡಿರುತ್ತಾರೆ. ಜಗಳ ಅವತ್ತೇ ಆಗುವುದಿಲ್ಲ. ಹತ್ತು ವರ್ಷ ಬಿಟ್ಟು ಆಗುತ್ತದೆ.

ನಮ್ಮಲ್ಲಿ ಏಳು ವರ್ಷಕ್ಕೆ ಆಯಿತು. ಅಪ್ಪ ಕೊಬ್ಬರಿ ವ್ಯಾಪಾರದಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದು ಸೈಟ್ ತೆಗೆದುಕೊಂಡಿದ್ದರು. ಅದರಲ್ಲಿ ಹೆಂಚಿನ ಮನೆ. 2012ರಲ್ಲಿ ಅದನ್ನು ಕೆಡವಿ ಮೋಲ್ಡ್ ಮನೆ ಕಟ್ಟಿಸಿದೆವು. 9 ಲಕ್ಷ ನನ್ನದು. ಪ್ರತಿ ಶನಿವಾರ ಊರಿಗೆ ಹೋಗಿ ಗಾರೆಯವರಿಗೆ ಬಟವಾಡೆ ಕೊಟ್ಟು ಬರುತ್ತಿದ್ದೆ, ಎಲ್ಲ ನಗದು. ಕಂಬಿ, ಸಿಮೆಂಟಿನ ಬಿಲ್ಲು ಅಪ್ಪನ ಹೆಸರಲ್ಲಿ. ನಮ್ಮ ಮನೆ ತಾನೆ ಅಂತ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

2019ರಲ್ಲಿ ಅಪ್ಪ ಹೋದರು. ಉಯಿಲು ಬರೆದಿರಲಿಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಆಸ್ತಿಯ ಖಾತೆ ವಾರಸುದಾರರ ಹೆಸರಿಗೆ, ಮಾಡಿಸಬೇಕು ಅಂತ ವಂಶವೃಕ್ಷಕ್ಕೆ ಅರ್ಜಿ ಹಾಕಿದೆವು. ಬಂದ ಕಾಗದದಲ್ಲಿ ಅಪ್ಪನ ಹೆಸರ ಕೆಳಗೆ ನಾಲ್ಕು ಹೆಸರು. ಅಮ್ಮ, ನಾನು, ತಂಗಿ, ತಮ್ಮ. ಮೋಲ್ಡ್ ಹಾಕಿಸಿದ್ದು ಯಾರು ಅಂತ ಬರೆಯುವ ಕಾಲಂ ಅದರಲ್ಲಿ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಉಯಿಲು ಇಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ಗಳಿಕೆ ಹೆಂಡತಿಗೆ, ಮಕ್ಕಳಿಗೆ, ಬದುಕಿದ್ದರೆ ಅವರ ತಾಯಿಗೆ ಸಮ ಪಾಲಾಗುತ್ತದೆ. ನಮ್ಮಲ್ಲಿ ನಾಲ್ಕರಲ್ಲಿ ಒಂದು. ಅಪ್ಪನ ಬ್ಯಾಂಕ್ ಖಾತೆಗೆ ನಾಮಿನಿ ತಮ್ಮ ಇದ್ದ. ದುಡ್ಡು ತನ್ನದೇ ಅಂದುಕೊಂಡಿದ್ದ. ನಾಮಿನಿ ಅಂದರೆ ಇಸಕೊಂಡು ವಾರಸುದಾರರಿಗೆ ಹಂಚುವವನು ಅಂತ ವಕೀಲರೊಬ್ಬರು ಬಿಡಿಸಿ ಹೇಳಬೇಕಾಯಿತು.

ತಂಗಿ ತನ್ನ ಪಾಲು ಕೇಳಿದಳು. ನನಗೂ ತಮ್ಮನಿಗೂ ಮೈಯೆಲ್ಲ ಉರಿಯಿತು. 2006ರಲ್ಲಿ ಅವಳ ಮದುವೆಗೆ ನನ್ನ ಪಿಎಫ್‌ನಿಂದ 60 ಸಾವಿರ ತೆಗೆದಿದ್ದೆ. "ಅಷ್ಟು ಖರ್ಚು ಮಾಡಿ ಕೊಟ್ಟಿದ್ದೀವಲ್ಲ" ಅಂದೆ. ಅವಳು ಒಂದೇ ಮಾತು ಕೇಳಿದಳು. "ಸಾವಿರ ಎಲೆ ಊಟ ಹಾಕಿ ಅಂತ ನಾನು ಕೇಳಿದ್ನಾ ಅಣ್ಣ?" ಉತ್ತರ ಇರಲಿಲ್ಲ. ಮದುವೆಗೆ ಕೊಟ್ಟಿದ್ದು ಖರ್ಚು. ಇದನ್ನು ನಿನ್ನ ಪಾಲಿನಲ್ಲಿ ಕಳೆಯುತ್ತೇವೆ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ, ಹೇಳಿದ್ದರೂ ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿಯ ನಂತರ ಮಗಳು ಮಗನಿಗೆ ಸಮ. 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ ಇನ್ನೂ ಖಚಿತವಾಗಿ ಹೇಳಿತು. ಕೊನೆಗೆ ಅವಳ ಪಾಲಿನ ದುಡ್ಡು ಎರಡು ಕಂತಿನಲ್ಲಿ ಕೊಟ್ಟೆವು, ಅವಳು ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಕೊಟ್ಟಳು. ಈಗ ಯೋಚಿಸಿದರೆ ತಪ್ಪು ನನ್ನದೇ. ಕಟ್ಟುವ ಮೊದಲು ಅಪ್ಪನ ಹತ್ತಿರ ಕೂತು ಒಂದು ಉಯಿಲೋ, ಸೈಟಿನ ಒಂದು ಭಾಗಕ್ಕೆ ದಾನಪತ್ರವೋ ಮಾಡಿಸಿಕೊಳ್ಳಬೇಕಿತ್ತು, ತಮ್ಮ ತಂಗಿಗೂ ತಿಳಿಸಿಯೇ. ಅದೂ ಬೇಡ, ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದ್ದರೂ ಒಂದು ಗುರುತು ಇರುತ್ತಿತ್ತು.

"ಮನೆಯವರ ಹತ್ತಿರ ಲೆಕ್ಕ ಇಡೋದಾ?" ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸುತ್ತಿತ್ತು. ಆದರೆ ನಮ್ಮಮ್ಮನ ಟ್ರಂಕಿನಲ್ಲಿ ಒಂದು ಉದ್ದ ಪುಸ್ತಕ ಇದೆ. ಕೆಂಪು ಬಟ್ಟೆಯ ರಟ್ಟು, ಮೇಲೆ ಅರಿಶಿನ ಕುಂಕುಮ. ಅದು ತಂಗಿ ಮದುವೆಯ ಮುಯ್ಯಿ ಪುಸ್ತಕ. ಛತ್ರದ ಬಾಗಿಲಲ್ಲಿ ನಮ್ಮ ಸೋದರಮಾವ ಟೇಬಲ್ ಹಾಕಿಕೊಂಡು ಕೂತು ಬರೆದಿದ್ದು. ಹೆಸರು, ಊರು, ಮೊತ್ತ. 101, 51, 251. ಒಂದು ಕಡೆ "ಸ್ಟೀಲ್ ಕೊಡ 1". ಇವತ್ತಿಗೂ ಯಾರದೇ ಮನೆ ಲಗ್ನಪತ್ರಿಕೆ ಬಂದರೂ ಅಮ್ಮ ಕನ್ನಡಕ ಹಾಕಿಕೊಂಡು ಆ ಪುಸ್ತಕ ತೆಗೆಯುತ್ತಾರೆ. "ಇವ್ರು ನಮಗೆ 251 ಹಾಕವ್ರೆ, ನಾವು 501 ಆದ್ರೂ ಹಾಕ್ಬೇಕು ಕಣೋ." ಲೆಕ್ಕ ಇಡುವುದು ನಮ್ಮ ಹಿರಿಯರಿಗೆ ಅವಮಾನ ಆಗಿರಲಿಲ್ಲ. ಮಗ ಕೊಡುವ ದುಡ್ಡಿಗೆ ಮಾತ್ರ ಪುಸ್ತಕ ಇಲ್ಲ.

ಈಗ ನಿಮ್ಮ 8 ಲಕ್ಷ. ಬಡ್ಡಿ 14% ಅಂತ ಹಿಡಿದರೆ 5 ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 18,600. ಒಟ್ಟು ಕಟ್ಟುವುದು 11 ಲಕ್ಷ 17 ಸಾವಿರದ ಹತ್ತಿರ. 48 ಸಾವಿರದಲ್ಲಿ ಪಿಜಿ, ಊರು, ಕಂತು ಕಳೆದರೆ ಕೈಯಲ್ಲಿ 5,400 ಉಳಿಯುತ್ತದೆ. ಊಟ, ಬಸ್ಸು, ಫೋನು ಎಲ್ಲ ಅದರಲ್ಲೇ. ಒಂದು ತಿಂಗಳು ಜ್ವರ ಬಂದರೂ ಕ್ರೆಡಿಟ್ ಕಾರ್ಡ್ ಉಜ್ಜಬೇಕು. ಅದೇ 4 ಲಕ್ಷ ಆದರೆ ಕಂತು 9,300, ಉಳಿಯುವುದು 14,700. ಉಸಿರಾಡಬಹುದು. ಈ ಲೆಕ್ಕ ಅಪ್ಪನಿಗೆ ಗೊತ್ತಿದೆಯಾ? ಬಹುಶಃ ಇಲ್ಲ. ಅವರ ಕಣ್ಣಿಗೆ ಮಗನ ಸಂಬಳ 48 ಸಾವಿರ ಅಷ್ಟೆ, ಅದರಲ್ಲಿ ಎಷ್ಟು ಉಳಿಯುತ್ತದೆ ಅಂತ ನೀವೂ ಹೇಳಿಲ್ಲ ಅಲ್ವಾ?

ಫೋನಿನಲ್ಲಿ ಹೇಳಬೇಡಿ. ಊರಿಗೆ ಹೋಗಿ, ರಾತ್ರಿ ಊಟ ಆದಮೇಲೆ ಕೂತು, ಒಂದು ಹಾಳೆಯಲ್ಲಿ ಬರೆದು ತೋರಿಸಿ. "ಅಪ್ಪ, ನನ್ನ ಕೈಲಿ 4 ಲಕ್ಷ ಆಗುತ್ತೆ. ಉಳಿದಿದ್ದಕ್ಕೆ ಏನು ದಾರಿ ಅಂತ ನೋಡಿ, ಆಮೇಲೆ ಛತ್ರ ಗೊತ್ತು ಮಾಡೋಣ." ಮಾತು ಇದೇ ಕ್ರಮದಲ್ಲಿ ಇರಲಿ. ಛತ್ರಕ್ಕೆ ಮುಂಗಡ ಕೊಟ್ಟ ಮೇಲೆ ಯಾವ ಹಾಳೆಗೂ ಬೆಲೆ ಇಲ್ಲ. ಛತ್ರ ದೊಡ್ಡದಾದರೆ ಎಲೆ ಜಾಸ್ತಿ, ಎಲೆ ಜಾಸ್ತಿಯಾದರೆ ಎಲ್ಲವೂ ಜಾಸ್ತಿ. ತಂಗಿಯನ್ನೂ ಆ ಮಾತುಕತೆಗೆ ಕೂರಿಸಿ. ಅವಳ ಮದುವೆ, ಅವಳಿಗೇ ಒಂದು ಅಭಿಪ್ರಾಯ ಇರುತ್ತದೆ. ಬೀಗರ ಕಡೆಯಿಂದ ಕೇಳಿಕೆ ಪಟ್ಟಿ ಬಂದಿದ್ದರೆ ಅದು ವರದಕ್ಷಿಣೆ. 1961ರಿಂದಲೇ ಅಪರಾಧ. ಅದಕ್ಕಂತೂ ಸಾಲ ಮಾಡಬೇಡಿ.

ಪಿಎಫ್‌ಗೆ ಕೈ ಹಾಕುವ ಯೋಚನೆ ಇದ್ದರೆ, ತಂಗಿ ಮದುವೆಗೆ ಅಂತ ತೆಗೆಯಲು ಅವಕಾಶವೇನೋ ಇದೆ. ನಾನು ತೆಗೆದ 60 ಸಾವಿರ ಅಲ್ಲೇ ಇದ್ದು, ವರ್ಷಕ್ಕೆ 8% ಬಡ್ಡಿ ಬಂದಿದ್ದರೂ 20 ವರ್ಷಕ್ಕೆ 2 ಲಕ್ಷ 80 ಸಾವಿರದ ಹತ್ತಿರ ಆಗುತ್ತಿತ್ತು. ಪಶ್ಚಾತ್ತಾಪ ಇಲ್ಲ. ಆದರೆ 60 ಸಾವಿರ ಕೊಟ್ಟೆ ಅಂದುಕೊಂಡಿದ್ದೆ, ಕೊಟ್ಟಿದ್ದು ಅದಕ್ಕಿಂತ ಜಾಸ್ತಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಸಂಬಳದ ಹುಡುಗನಿಗೆ ಇದು ಬಂದೇ ಬರುತ್ತದೆ. ಜಾಮೀನು. ದೊಡ್ಡಪ್ಪನ ಮಗ ಗೂಡ್ಸ್ ಗಾಡಿ ತೆಗೆದುಕೊಳ್ಳುವಾಗ "ಸುಮ್ನೆ ಒಂದು ಸೈನು" ಅಂದ. ಹಾಕಿದೆ. ಒಂದೂವರೆ ವರ್ಷ ಕಂತು ಕಟ್ಟಿದ, ಆಮೇಲೆ ನಿಲ್ಲಿಸಿದ. ನನಗೆ ಗೊತ್ತಾಗಿದ್ದು 2016ರಲ್ಲಿ ನನ್ನ ಹೋಮ್ ಲೋನಿಗೆ ಅರ್ಜಿ ಹಾಕಿದಾಗ. ಮ್ಯಾನೇಜರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ಹಾಗಿಲ್ಲ. 1 ಲಕ್ಷ 40 ಸಾವಿರ ನಾನೇ ಕಟ್ಟಿದೆ. ಅವನು ಈಗಲೂ ಹಬ್ಬಕ್ಕೆ ಸಿಗುತ್ತಾನೆ, ಚೆನ್ನಾಗಿ ಮಾತಾಡುತ್ತಾನೆ. ನಿಮ್ಮ ಹತ್ತಿರ ಯಾರಾದರೂ ಸೈನು ಕೇಳಿದರೆ, ಅಷ್ಟು ದುಡ್ಡು ಎತ್ತಿಕೊಟ್ಟು ಮರೆಯಬಲ್ಲೆನಾ ಅಂತ ಕೇಳಿಕೊಳ್ಳಿ. ಆಗಲ್ಲ ಅನ್ನಿಸಿದರೆ ಸೈನೂ ಬೇಡ. ಇದೊಂದು ಕಡೆ ಮಾತ್ರ ಇಲ್ಲ ಅನ್ನುವುದನ್ನು ಕಲಿಯಿರಿ.

ನಿಮ್ಮ ಮದುವೆ ವಿಷಯಕ್ಕೆ ಬಂದರೆ, ಹುಡುಗಿ ಮನೆಯವರು ಒಪ್ಪಿಗೆ ಹೇಳುವ ಮೊದಲೇ ಹುಡುಗಿಗೆ ಕಂತು ಎಷ್ಟು, ಊರಿಗೆ ಎಷ್ಟು ಅಂತ ಹೇಳಿಬಿಡಿ. ನಾನು ಹೇಳಿರಲಿಲ್ಲ. ಮದುವೆಯಾದ ಆರು ವರ್ಷಕ್ಕೆ ತಮ್ಮನ ತೋಟಕ್ಕೆ ಬೋರ್ ಕೊರೆಸಲು ಹೆಂಡತಿಯ ಬಳೆ ಅಡ ಇಟ್ಟೆ. 900 ಅಡಿ ಹೋದರೂ ಬರೀ ಧೂಳು. ಬಳೆ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಅವಳು ಜಗಳ ಆಡಲಿಲ್ಲ. ಬಿಡಿಸಿಕೊಂಡು ಬಂದ ದಿನ ತನ್ನ ಹೆಸರಲ್ಲಿ ಲಾಕರ್ ತೆಗೆದಳು. ಸ್ತ್ರೀಧನ ಪೂರ್ತಿ ಅವಳದೇ, ಕೇಳುವ ಅಧಿಕಾರ ನನಗೆ ಇರಲಿಲ್ಲ. ಆಗ ಇದು ಹೊಳೆದಿರಲಿಲ್ಲ ಅನ್ನುವುದು ನಾಚಿಕೆಯ ವಿಷಯ.

ಆ ಲಾಕರಿನಿಂದ ನಾನು ಒಂದು ಕಲಿತೆ. ಸುಮ್ನೆ ಬಿದ್ದಿರುವ ದುಡ್ಡಿಗೆ ನೆಂಟರು ಜಾಸ್ತಿ. ಉಳಿತಾಯ ಖಾತೆಯಲ್ಲಿ 50 ಸಾವಿರ ಇದೆ ಅಂದರೆ ಯಾರದೋ ಮನೆಯ ಛಾವಣಿ ಸೋರುತ್ತದೆ. ಹೆಸರಿಟ್ಟ ದುಡ್ಡನ್ನು ಯಾರೂ ಕೇಳುವುದಿಲ್ಲ. 2015ರಲ್ಲಿ ಹೆಣ್ಣುಮಕ್ಕಳಿಗಾಗಿ ಸರ್ಕಾರದ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿ ಶುರುವಾದಾಗ ಮಗಳಿಗೆ 7 ವರ್ಷ. 10 ತುಂಬುವ ಮೊದಲು ಖಾತೆ ತೆರೆಯಬೇಕು, ತೆರೆದೆ. ತಿಂಗಳಿಗೆ ಸಾವಿರದಿಂದ ಶುರು. ಇಷ್ಟು ವರ್ಷದಲ್ಲಿ ತಮ್ಮನಾಗಲಿ ಅಮ್ಮನಾಗಲಿ ಒಂದು ಸಲವೂ ಆ ದುಡ್ಡಿನ ಮಾತೆತ್ತಲಿಲ್ಲ. "ಅದು ಮಗೀದು" ಅಷ್ಟೆ. ಈಗ ಅವಳು ಎರಡನೇ ಪಿಯುಸಿ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಓದಿಗೆ ಅರ್ಧದವರೆಗೆ ತೆಗೆಯಬಹುದು, ಮುಂದಿನ ವರ್ಷ ಕಾಲೇಜು ಫೀಸಿಗೆ ತೆಗೆಯುತ್ತೇನೆ. ನಿಮಗೆ ಮಗಳಿಲ್ಲ, ಸರಿ. ಒಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿ, ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ತೆರೆಯಿರಿ. ಸಂಬಳ ಬಂದ ಮರುದಿನ 2 ಸಾವಿರವೇ ಹೋಗಲಿ. ಮನೆಯಲ್ಲಿ "ಮದುವೆಗೆ ಕಟ್ಟುತ್ತಿದ್ದೇನೆ" ಅಂತ ಹೇಳಿ. ಆ ಮಾತಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ.

ಲೋನ್ ತೆಗೆದುಕೊಂಡ ವಾರವೇ ಒಂದು ಟರ್ಮ್ ಇನ್ಶೂರೆನ್ಸ್, ಅಂದರೆ ನಮಗೇನಾದರೂ ಆದರೆ ಮನೆಯವರಿಗೆ ದುಡ್ಡು ಸಿಗುವ ವಿಮೆ, ಮಾಡಿಸಿ, ನಿಮ್ಮ ವಯಸ್ಸಿಗೆ ಕಂತು ಕಡಿಮೆ. ಅಪ್ಪ ಅಮ್ಮನಿಗೆ ಬೇರೆಯೇ ಆರೋಗ್ಯ ವಿಮೆ ನೋಡಿ. ಕಂಪನಿಯ ವಿಮೆ ಕೆಲಸ ಬಿಟ್ಟ ದಿನ ಹೋಗುತ್ತದೆ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ 3 ವರ್ಷದವರೆಗೂ ಕಾಯಿಸಬಹುದು, ಹಾಗಾಗಿ ಇವತ್ತೇ ಶುರು ಮಾಡಿದರೆ ಒಳ್ಳೆಯದು. ಅಪ್ಪ ಊರಿನ ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ಸದಸ್ಯರಾಗಿದ್ದರೆ ಸಹಕಾರ ಸಂಘದ ಸದಸ್ಯರಿಗಿರುವ ಆರೋಗ್ಯ ಯೋಜನೆ ಯಶಸ್ವಿನಿಯ ಕಾರ್ಡ್ ಬಗ್ಗೆ ಅಲ್ಲೇ ವಿಚಾರಿಸಿ. ನಮ್ಮಪ್ಪನಿಗೆ ಸ್ಟೆಂಟ್ ಹಾಕಿಸಿದಾಗ ಇದ್ಯಾವುದೂ ಇರಲಿಲ್ಲ. 2 ಲಕ್ಷ ಚಿಲ್ಲರೆ ಬಿಲ್ಲು ಆಫೀಸಿನ ಅಡ್ವಾನ್ಸ್‌ನಲ್ಲಿ ಕಟ್ಟಿದೆ.

ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ನಿಮ್ಮಮ್ಮ ಎಲ್ಲೆಲ್ಲಿ ಮುಯ್ಯಿ ಹಾಕಿದ್ದಾರೆ ಅಂತ ಕೂತು ಒಂದು ಪಟ್ಟಿ ಮಾಡಿ. ಇಪ್ಪತ್ತು ವರ್ಷದ ಮದುವೆ, ಗೃಹಪ್ರವೇಶ ಎಲ್ಲ ಅವರಿಗೆ ಬಾಯಿಪಾಠ ಇರುತ್ತದೆ. ನಮ್ಮ ತಂಗಿ ಮದುವೆಯಲ್ಲಿ ಬಂದ ಮುಯ್ಯಿ 41 ಸಾವಿರ. ಶಾಮಿಯಾನದವರ ಬಾಕಿ, ವಾಲಗದವರ ಬಾಕಿ ಅವತ್ತು ಸಂಜೆ ಅದರಲ್ಲೇ ತೀರಿತು. ಸೋದರಮಾವ ಪುಸ್ತಕದ ಕೊನೆಯ ಪುಟದಲ್ಲಿ ಅದನ್ನೂ ಬರೆದಿದ್ದಾರೆ.