ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪ್ರೇಕ್ಷಕರ ಗದ್ದಲದಿಂದ ಆಟವೇ ಬದಲಾಗುತ್ತಾ?

ಖಂಡಿತ ಬದಲಾಗುತ್ತದೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೈಲ್ ಫೀಲ್ಡ್ ನೋಡಿ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಕೂರಬಹುದು ಅಂದೆ, ಆದರೆ ವಿದ್ಯಾರ್ಥಿಗಳು ಆಟದುದ್ದಕ್ಕೂ ನಿಂತೇ ಇರುತ್ತಾರೆ. 1922ರಲ್ಲಿ ಡಲ್ಲಾಸ್‌ನ ಪಂದ್ಯವೊಂದರಲ್ಲಿ ಗಾಯಾಳುಗಳು ಜಾಸ್ತಿಯಾದಾಗ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿ ಜೆರ್ಸಿ ತೊಟ್ಟು ಅಂಚಿನಲ್ಲಿ ಸಿದ್ಧನಾಗಿ ನಿಂತಿದ್ದ. ಆಡುವ ಪ್ರಸಂಗ ಬರಲೇ ಇಲ್ಲ. ಹನ್ನೊಂದು ಜನರ ತಂಡಕ್ಕೆ 'ಹನ್ನೆರಡನೇ ಆಟಗಾರ' ಎಂಬ ಹೆಸರು ಮಾತ್ರ ಉಳಿಯಿತು. ಅವನ ಹಾಗೆ ನಿಂತೇ ಇರುವ ವಿದ್ಯಾರ್ಥಿಗಳಿಗೂ ಈಗ ಅದೇ ಹೆಸರು.

ಈ ಕೂಗಾಟ ಸುಮ್ನೆ ಅಲ್ಲ. ಎದುರಾಳಿ ದಾಳಿಗೆ ನಿಂತಾಗಲೇ ಜನ ಅಬ್ಬರಿಸುತ್ತಾರೆ, ತಮ್ಮವರ ಸರದಿ ಬಂದಾಗ ತಣ್ಣಗಾಗುತ್ತಾರೆ. ಗದ್ದಲದಲ್ಲಿ ದಾಳಿಯನ್ನು ಮುನ್ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಕೂಗು ಪಕ್ಕದವನಿಗೂ ಕೇಳಲ್ಲ. ಆಗ ಅವನು ಕಾಲೆತ್ತಿ ಸನ್ನೆ ಮಾಡುತ್ತಾನೆ, ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನ ಮೈಯನ್ನು ಅವನ ಪಕ್ಕದಲ್ಲಿರುವ ಗಾರ್ಡ್ ಎಂಬ ಆಟಗಾರ ತಟ್ಟುತ್ತಾನೆ, ಚೆಂಡು ಹಿಂದಕ್ಕೆ ಬರುತ್ತದೆ. ದಾಳಿ ತಂಡದ ಯಾರಾದರೂ ಮೊದಲೇ ಅಲುಗಿದರೆ ತಂಡ ಐದು ಗಜ ಹಿಂದೆ ಸರಿಯಬೇಕಾದ ದಂಡ. ಅರೆಕ್ಷಣ ತಡವಾದರೆ ಇನ್ನೂ ಕಷ್ಟ, ಡಿಫೆನ್ಸ್‌ನವನು ಆಗಲೇ ಒಳಗೆ ನುಗ್ಗಿರುತ್ತಾನೆ.

2024ರಿಂದ ಉನ್ನತ ವಿಭಾಗದ ತಂಡಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್‌ನೊಳಗೆ ಕೋಚ್ ರೇಡಿಯೊದಲ್ಲಿ ಮಾತಾಡಬಹುದು. ಆದರೆ ಪ್ರತಿ ಸಲ ಚೆಂಡು ಆಡಲು ಕೊಡುವ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್. ಆಮೇಲೆ ಸನ್ನೆಯೇ ಗತಿ.

ಚೆಂಡು ಹಿಡಿದವನನ್ನು ಕೆಡವುವ ಟ್ಯಾಕಲ್ ಮಾತ್ರ ಗದ್ದಲದಿಂದ ಸುಧಾರಿಸಲ್ಲ. ಅದು ನಮ್ಮ ಕಬಡ್ಡಿ ಹಿಡಿತದ ಹಾಗೆ: ಸೊಂಟ ಬಗ್ಗಿಸಿ, ಭುಜ ಕೊಟ್ಟು, ಎರಡೂ ತೋಳಿನಿಂದ ತಬ್ಬಬೇಕು. ಹುರುಪಿನಲ್ಲಿ ತಲೆ ಮುಂದೆ ಮಾಡಿ ಗುದ್ದಿದರೆ 15 ಗಜ ದಂಡ, ಜೊತೆಗೆ ಮೈದಾನದಿಂದಲೇ ಹೊರಗೆ.