ಆ ಲಕೋಟೆಗಳನ್ನು ನೀರಿಗೆ ಹಾಕಬೇಡಿ

ಅಂಚೆಚೀಟಿ ಸಂಗ್ರಹ ಶುರುಮಾಡಬೇಕೆಂದಿರುವ ಹಾಸನ, ಚಿಕ್ಕಮಗಳೂರು ಕಡೆಯ ಓದುಗರ ಪ್ರಶ್ನೆಗಳು ಮತ್ತೆ ಒಟ್ಟಾಗಿವೆ. ಬಹುಪಾಲು ಪ್ರತಿ ವರ್ಷ ಬರುವಂಥವೇ. ಆಲ್ಬಮ್ ಎಲ್ಲಿ ಕೊಳ್ಳಬೇಕು, ಯಾವ ದೇಶದ ಚೀಟಿಯಿಂದ ಆರಂಭಿಸಬೇಕು ಎಂಬುವಕ್ಕೆ ಇಲ್ಲಿ ಜಾಗ ಕೊಡುವುದಿಲ್ಲ. ಅದು ಅವರವರ ಇಷ್ಟ, ಅವರವರ ಜೇಬು. ಮೂಡಿಗೆರೆಯಿಂದ ಬಂದ ಒಂದು ಪ್ರಶ್ನೆ ಮಾತ್ರ ನನ್ನ ನಿದ್ದೆ ಕೆಡಿಸಿದೆ. ಅದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟೇ.

ನಮ್ಮ ತಾತನ ಪೆಟ್ಟಿಗೆಯಲ್ಲಿ ಜಾರ್ಜ್ ದೊರೆಯ ಚಿತ್ರವಿರುವ ಒಂದಾಣೆ ಚೀಟಿಗಳು ಸಿಕ್ಕಿವೆ. ಒಂದೊಂದಕ್ಕೂ ಲಕ್ಷ ರೂಪಾಯಿ ಬರುತ್ತದೆ ಎಂದು ಮೊಬೈಲಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ. ಕಟ್ಟಬಹುದೇ? (ಹೊಳೆನರಸೀಪುರ)

ಒಂದು ಪೈಸೆಯನ್ನೂ ಕಟ್ಟಬೇಡಿ. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಹಳೆಯ ನೋಟು ಮತ್ತು ನಾಣ್ಯಗಳ ಹೆಸರಿನಲ್ಲಿ ಇದೇ ಬಗೆಯ ಮೋಸ ನಡೆಯುತ್ತಿದೆ ಎಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಜನರನ್ನು ಎಚ್ಚರಿಸಿತ್ತು. ಈಗ ಅದೇ ಜನ ಅಂಚೆಚೀಟಿಗೂ ಕೈಹಾಕಿದ್ದಾರೆ.

ಜಾರ್ಜ್ ದೊರೆಯ ಒಂದಾಣೆ ಚೀಟಿಗಳು ಕೋಟಿಗಟ್ಟಲೆ ಅಚ್ಚಾದವು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. 1948ರ ಆಗಸ್ಟ್ 15ರಂದು ಗಾಂಧೀಜಿಯ ನಾಲ್ಕು ಚೀಟಿಗಳು ಒಟ್ಟಿಗೇ ಹೊರಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ. ನಾಲ್ಕಕ್ಕೂ ಒಂದೇ ವಯಸ್ಸು. ಒಂದೂವರೆ ಆಣೆಯದು ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಹತ್ತು ರೂಪಾಯಿಯದು ದುಬಾರಿ. ಆ ಕಾಲದಲ್ಲಿ ಹತ್ತು ರೂಪಾಯಿ ಕೊಟ್ಟು ಚೀಟಿ ಕೊಳ್ಳಬಲ್ಲವರು ಎಷ್ಟು ಜನರಿದ್ದರು? ಅದಕ್ಕೆ ಬೆಲೆಯಿರುವುದರಿಂದಲೇ ಅದರ ನಕಲಿಗಳೂ ಹೆಚ್ಚು. ಹೊಸಬರು ಅದರ ತಂಟೆಗೆ ಹೋಗಬೇಡಿ.

ಮೈಸೂರು ಮಹಾರಾಜರ ಕಾಲದ ಅಂಚೆಚೀಟಿ ಎಂದು ಸಂತೆಯಲ್ಲಿ ಒಬ್ಬರು ಮಾರುತ್ತಿದ್ದರು. ಮಹಾರಾಜರ ಚಿತ್ರವೂ ಇದೆ. ಕೊಳ್ಳಬಹುದೇ? (ಅರಸೀಕೆರೆ)

ಅದು ಅಂಚೆಚೀಟಿಯಲ್ಲ. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ವ್ಯವಸ್ಥೆ ಇತ್ತು, ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಆದರೆ ತಿರುವಾಂಕೂರು, ಕೊಚ್ಚಿ, ಹೈದರಾಬಾದುಗಳಂತೆ ಮೈಸೂರು ಅಂಟಿಸುವ ಅಂಚೆಚೀಟಿಯನ್ನು ಎಂದೂ ಹೊರಡಿಸಲಿಲ್ಲ. ನಿಮಗೆ ತೋರಿಸಿದ್ದು ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟಾಂಪು. ನಮ್ಮ ಜಿಲ್ಲೆಗಳ ಹಳೆಯ ಕ್ರಯಪತ್ರ, ಭೋಗ್ಯಪತ್ರಗಳಿಂದ ಕತ್ತರಿಸಿ ತೆಗೆದದ್ದು. ಅವನ್ನು ಸಂಗ್ರಹಿಸುವವರೂ ಇದ್ದಾರೆ, ಅದೊಂದು ಒಳ್ಳೆಯ ಶಾಖೆಯೇ. ಅಂಚೆಚೀಟಿಯೆಂದು ಹೇಳಿ ಮಾರುವವನಿಂದ ಮಾತ್ರ ಏನನ್ನೂ ಕೊಳ್ಳಬೇಡಿ. ಮನೆಯ ಹಳೆಯ ಪತ್ರಗಳಿಗೆ ಕತ್ತರಿ ಹಾಕುವ ಯೋಚನೆ ಬಂದಿದ್ದರೆ ಅದನ್ನೂ ಬಿಡಿ.

ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಅಟ್ಟದ ಟ್ರಂಕಿನಲ್ಲಿ ಮುತ್ತಾತನ ಕಾಲದಿಂದ ಬಂದ ಕಾಗದಗಳಿವೆ, 1930ರಿಂದ 1975ರವರೆಗೆ. ಮಗಳು ಏಳನೇ ತರಗತಿ, ಅಂಚೆಚೀಟಿ ಸಂಗ್ರಹಿಸಬೇಕೆಂದು ಆಸೆ. ಎಲ್ಲವನ್ನೂ ನೀರಿನಲ್ಲಿ ನೆನೆಸಿ ಚೀಟಿ ಬಿಡಿಸೋಣ ಎಂದುಕೊಂಡಿದ್ದೇವೆ. ಕಾಲು ಭಾಗ ಆಗಿದೆ. ಕೆಲವು ಚೀಟಿಗಳ ಬಣ್ಣ ಹೋಯಿತು. ಇಡ್ಲಿ ಪಾತ್ರೆಯ ಹಬೆಗೆ ಹಿಡಿದರೆ ಒಳ್ಳೆಯದೆಂದು ವಿಡಿಯೋದಲ್ಲಿ ನೋಡಿದೆವು. ಯಾವುದು ಸರಿ?

ಎರಡೂ ತಪ್ಪು. ಈ ಕ್ಷಣವೇ ನಿಲ್ಲಿಸಿ. ಉಳಿದ ಮುಕ್ಕಾಲು ಭಾಗವನ್ನು ಹಾಗೆಯೇ ಟ್ರಂಕಿಗೆ ಹಾಕಿ, ಮುಚ್ಚಿ, ಮುಂದಿನದನ್ನು ಓದಿ.

ಸಂಗ್ರಹವೆಂದರೆ ಚೀಟಿ ಬಿಡಿಸಿ ಆಲ್ಬಮ್ಮಿಗೆ ಹಾಕುವುದು ಎಂದು ಶಾಲೆಗಳಲ್ಲಿ ಕಲಿಸಿಬಿಟ್ಟಿದ್ದಾರೆ. ಇವತ್ತು ಬರುವ ಲಕೋಟೆಗೆ ಅದು ಸರಿ. ನಿಮ್ಮ ಟ್ರಂಕಿನಲ್ಲಿರುವುದಕ್ಕೆ ಅದು ಸರಿಯಲ್ಲ. ಹಳೆಯ ಲಕೋಟೆಯಲ್ಲಿ ಚೀಟಿ, ಮುದ್ರೆ, ವಿಳಾಸ, ಹಿಂಬದಿಯ ಮುದ್ರೆ ಎಲ್ಲವೂ ಸೇರಿ ಒಂದು ದಾಖಲೆ. ಚೀಟಿ ಬಿಡಿಸಿದಿರಿ ಎಂದರೆ ಎಲ್ಲಿಯಾದರೂ ಸಿಗುವ ಒಂದು ತುಂಡು ಕಾಗದ ಉಳಿಸಿಕೊಂಡು, ಎಲ್ಲಿಯೂ ಸಿಗದ ಕಾಗದವನ್ನು ಒಲೆಗೆ ಹಾಕಿದಿರಿ ಎಂದರ್ಥ.

ಒಂದು ಲಕೋಟೆಯನ್ನು ಕೈಗೆತ್ತಿಕೊಳ್ಳಿ, 1947ಕ್ಕಿಂತ ಮೊದಲಿನದನ್ನು. ವಿಳಾಸ ನೋಡಿ. ಮೂಡಿಗೆರೆಯ ಕೆಳಗೆ ‘ಕಡೂರು ಜಿಲ್ಲೆ’ ಎಂದು ಬರೆದಿರುವ ಸಾಧ್ಯತೆ ಬಹಳ. ಚಿಕ್ಕಮಗಳೂರು ಜಿಲ್ಲೆಗೆ ಆಗ ಇದ್ದ ಹೆಸರು ಅದು. ಸಕಲೇಶಪುರದ ಕಡೆಯಿಂದ ಬಂದದ್ದಾದರೆ ‘ಮಂಜ್ರಾಬಾದ್’ ಎಂದಿರಬಹುದು. ಈಗ ಮುದ್ರೆ ನೋಡಿ. ಭೂತಗನ್ನಡಿ ಹಿಡಿದು, ಹಗಲು ಬೆಳಕಿನಲ್ಲಿ, ಲಕೋಟೆಯನ್ನು ಸ್ವಲ್ಪ ಓರೆ ಮಾಡಿ. ದುಂಡು ಮುದ್ರೆಯ ಅಂಚಿನಲ್ಲಿ ಊರಿನ ಹೆಸರು, ನಡುವೆ ತಾರೀಖು. ಅರ್ಧ ಮುದ್ರೆ ಚೀಟಿಯ ಮೇಲಿರುತ್ತದೆ, ಇನ್ನರ್ಧ ಲಕೋಟೆಯ ಮೇಲಿರುತ್ತದೆ. ಚೀಟಿ ಕಿತ್ತರೆ ಊರೂ ಹೋಯಿತು, ತಾರೀಖೂ ಹೋಯಿತು. ಹಿಂದೆ ತಿರುಗಿಸಿ: ತಲುಪಿದ ಊರಿನ ಮುದ್ರೆ ಅಲ್ಲಿರುತ್ತದೆ. ಎರಡೂ ತಾರೀಖುಗಳನ್ನು ಪಕ್ಕದಲ್ಲಿಟ್ಟರೆ ಘಟ್ಟದ ಮಳೆಯಲ್ಲಿ ಒಂದು ಕಾಗದ ಎಷ್ಟು ದಿನ ದಾರಿಯಲ್ಲಿತ್ತು ಎಂದು ಲೆಕ್ಕ ಸಿಗುತ್ತದೆ. ಏಳನೇ ತರಗತಿಯ ಹುಡುಗಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೇ?

ಯುದ್ಧದ ವರ್ಷಗಳ ಕಾಗದಗಳನ್ನು, ಅಂದರೆ 1939ರಿಂದ 1945ರವನ್ನು, ಬೇರೆಯಾಗಿ ತೆಗೆದಿಡಿ. ಆಗ ತೋಟಗಳಲ್ಲಿ ಇಂಗ್ಲಿಷ್ ದೊರೆಗಳಿದ್ದರು, ಇಂಗ್ಲೆಂಡಿನೊಂದಿಗೆ ಕಾಗದದ ವ್ಯವಹಾರವಿತ್ತು. ನಿಮ್ಮ ಹಿರಿಯರಲ್ಲಿ ಯಾರಾದರೂ ಅಂಥ ತೋಟದಲ್ಲಿ ರೈಟರಾಗಿದ್ದರೆ ಆ ಲಕೋಟೆಗಳೂ ಟ್ರಂಕಿನಲ್ಲಿರಬಹುದು. ಕೆಲವದರ ಒಂದು ಬದಿಯನ್ನು ಕತ್ತರಿಸಿ, ಮೇಲೆ ಪಟ್ಟಿ ಅಂಟಿಸಿ, ಪರೀಕ್ಷಕರು ತೆರೆದು ನೋಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಅಚ್ಚುಮಾಡಿರುತ್ತದೆ. ಅದು ಸೆನ್ಸಾರ್ ಪಟ್ಟಿ. ಗಲೀಜಾಗಿ ಕಾಣುತ್ತದೆಂದು ಅದನ್ನು ಸುಲಿದು ‘ಸ್ವಚ್ಛ’ ಮಾಡಿದವರನ್ನು ಕಂಡಿದ್ದೇನೆ. ಅಂಥ ಲಕೋಟೆಗೆ ಬೆಲೆ ಕೊಡುವವರು ಆ ಪಟ್ಟಿಗೇ ಕೊಡುತ್ತಾರೆ.

1957ರ ಏಪ್ರಿಲ್ 1ರಂದು ನಯೇ ಪೈಸೆ ಬಂತು. ಅದರ ನಂತರ ಸ್ವಲ್ಪ ಕಾಲ ಆಣೆಯ ಚೀಟಿ, ನಯೇ ಪೈಸೆಯ ಚೀಟಿ ಎರಡೂ ಒಂದೇ ಲಕೋಟೆಯ ಮೇಲೆ ಕಾಣುತ್ತವೆ. ಬಿಡಿಸಿದರೆ ಎರಡು ಸಾಮಾನ್ಯ ಚೀಟಿ, ಒಟ್ಟಿಗಿದ್ದರೆ ನಾಣ್ಯಪದ್ಧತಿ ಬದಲಾದ ದಿನಗಳ ಸಾಕ್ಷಿ.

ನಾನು ಅತಿ ಹೆಚ್ಚು ಹೆದರುವುದು 1971ರ ಕೊನೆ ಮತ್ತು 1972ರ ಕಾಗದಗಳ ಬಗ್ಗೆ. ಬಾಂಗ್ಲಾ ನಿರಾಶ್ರಿತರ ನೆರವಿಗಾಗಿ 1971ರ ನವೆಂಬರ್ 15ರಿಂದ ಅಂಚೆಗೆ ಐದು ಪೈಸೆಯ ಹೆಚ್ಚುವರಿ ತೆರಿಗೆ ಹಾಕಿದರು. ಪ್ರತ್ಯೇಕ ಚೀಟಿ ಅಚ್ಚಾಗಿ ಬರುವವರೆಗೆ ಕುಟುಂಬ ಯೋಜನೆಯ ಐದು ಪೈಸೆ ಚೀಟಿಯ ಮೇಲೆ ‘ನಿರಾಶ್ರಿತರ ನೆರವು’ ಎಂಬ ಅರ್ಥದ ಹಿಂದಿ, ಇಂಗ್ಲಿಷ್ ಮಾತುಗಳನ್ನು ಅಚ್ಚೊತ್ತಿ ಕೊಟ್ಟರು. ನಾಸಿಕ್ ಮುದ್ರಣಾಲಯದ ಮೇಲಚ್ಚಿನ ಜೊತೆಗೆ ಬೆಂಗಳೂರೂ ಸೇರಿದಂತೆ ಕೆಲವೆಡೆ ಸ್ಥಳೀಯವಾಗಿಯೂ ಮೇಲಚ್ಚು ಹಾಕಿದರು. ಸ್ಥಳೀಯ ಮೇಲಚ್ಚು ಅಸಲಿಯೋ ನಕಲಿಯೋ ಎಂದು ಹೇಳಲು ಲಕೋಟೆಯೇ ದೊಡ್ಡ ಆಧಾರ: ಊರಿನ ಮುದ್ರೆ ಚೀಟಿಯ ಮೇಲಿಂದ ಲಕೋಟೆಯ ಮೇಲೆ ಹರಿದಿರಬೇಕು, ತಾರೀಖು ಆ ದಿನಗಳದ್ದೇ ಆಗಿರಬೇಕು. ನೀರಿಗೆ ಹಾಕಿ ಬಿಡಿಸಿದ ಚೀಟಿಯನ್ನು ತಂದು ‘ಇದು ಅಸಲಿಯೇ ಸಾರ್?’ ಎಂದು ಕೇಳಿದರೆ ನಾನೇನು ಹೇಳಲಿ? ರಬ್ಬರ್ ಮುದ್ರೆಯನ್ನು ಯಾರು ಬೇಕಾದರೂ ಮಾಡಿಸಬಹುದು.

ಹಾಗಾದರೆ ಏನು ಮಾಡಬೇಕು? ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೈ ತೊಳೆದು ಒರೆಸಿಕೊಳ್ಳಿ. ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಒಳಗಿನ ಪತ್ರವನ್ನು ಅದರದೇ ಲಕೋಟೆಯೊಂದಿಗೆ ಇಡಿ. ಹಿಂದೆ ಬಂದ ಕಾಗದಗಳನ್ನೆಲ್ಲ ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದರಲ್ಲ, ನಿಮ್ಮವಕ್ಕೂ ನಡುವೆ ತೂತಿರಬಹುದು. ಇರಲಿ. ತೂತು ಮುಚ್ಚಲು ಟೇಪು ಹಚ್ಚಬೇಡಿ, ಗೋಂದು ಹಚ್ಚಬೇಡಿ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಯಾರಿಂದಲೂ ತೆಗೆಯಲಾಗದು. ಲಕೋಟೆಯ ಮೇಲೆ ಪೆನ್ನಿನಿಂದ ಏನನ್ನೂ ಬರೆಯಬೇಡಿ. ವಿವರಗಳಿಗೆ ಒಂದು ನೋಟ್‌ಪುಸ್ತಕ ಮಾಡಿ: ಎಲ್ಲಿಂದ, ಯಾವಾಗ, ಯಾವ ಚೀಟಿ, ಯಾರು ಯಾರಿಗೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ; ಆ ಅಕ್ಷರ ಯಾರದೆಂದು ಗುರುತಿಸುವವರು ಅವರೊಬ್ಬರೇ ಇರಬಹುದು.

ಇನ್ನು ನೀರಿನಲ್ಲಿ ಬಿಡಿಸಲೇಬೇಕು ಎಂಬ ಆಸೆಯಿದ್ದರೆ ಈಗಿನ ಲಕೋಟೆಗಳಲ್ಲಿ ಕಲಿಯಲಿ. ಚೀಟಿಯ ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಕತ್ತರಿಸಿ, ತಣ್ಣೀರಿನಲ್ಲಿ ಚಿತ್ರ ಮೇಲಾಗಿ ತೇಲಿಬಿಡಿ. ಕಾಲು ಗಂಟೆಯೋ ಅರ್ಧ ಗಂಟೆಯೋ, ಅದಾಗಿಯೇ ಕಾಗದದಿಂದ ಜಾರಬೇಕು. ಉಗುರು ಹಾಕಿ ಕೀಳಬಾರದು. ಕೆಂಪು, ಹಸಿರು ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ಪಾತ್ರೆಗೆ ಹಾಕಿ. ಮದುವೆ ಆಮಂತ್ರಣದ ಒಂದೇ ಒಂದು ಕೆಂಪು ತುಂಡು ಪಾತ್ರೆಯಲ್ಲಿರುವ ಎಲ್ಲ ಚೀಟಿಗಳಿಗೂ ಬಣ್ಣ ಹಚ್ಚುತ್ತದೆ. ನಿಮ್ಮಲ್ಲಿ ಆಗಿರುವುದೂ ಇಂಥದ್ದೇ ಇರಬಹುದು. ಒಣಗಿಸಲು ಬಿಳಿ ಕಾಗದ ಬಳಸಿ, ಪತ್ರಿಕೆ ಬೇಡ, ಅದರ ಮಸಿ ಅಂಟುತ್ತದೆ. ಹಬೆಗೆ ಹಿಡಿಯುವುದು, ಇಸ್ತ್ರಿಪೆಟ್ಟಿಗೆ ಇಡುವುದು, ಸೋಪಿನ ಪುಡಿ, ಬ್ಲೀಚಿಂಗ್ ಪುಡಿ: ಇವನ್ನು ಹೇಳಿಕೊಡುವವರು ಯಾರೂ ಅಂಚೆಚೀಟಿ ಸಂಗ್ರಹಿಸುವವರಲ್ಲ. ವಿಡಿಯೋ ನೋಡಿಸಿ ದುಡ್ಡು ಮಾಡುವವರು.

ನೆನೆಸಿಬಿಟ್ಟ ಚೀಟಿಗಳನ್ನು ಬಿಸಾಡಬೇಡಿ. ಆ ಖಾಲಿ ಲಕೋಟೆಗಳು ಇನ್ನೂ ಉಳಿದಿದ್ದರೆ ಅವನ್ನೂ ಇಟ್ಟುಕೊಳ್ಳಿ. ಆದರೆ ಚೀಟಿಯನ್ನು ಮತ್ತೆ ಲಕೋಟೆಗೆ ಅಂಟಿಸಬೇಡಿ. ಅದು ನಾಳೆ ಇನ್ನೊಬ್ಬರ ಕೈಗೆ ಹೋದಾಗ ಮೋಸವಾಗುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಚೀಟಿಗಳನ್ನು ಕಾಪಾಡುವುದು ಹೇಗೆ? ನನ್ನ ಹೊಸ ಚೀಟಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. (ಕೊಪ್ಪ)

ಇದು ಕೇಳಬೇಕಾದ ಪ್ರಶ್ನೆ. ಬಳಸದ ಚೀಟಿಯ ಹಿಂದಿನ ಅಂಟು ಗಾಳಿಯ ತೇವಕ್ಕೇ ಕರಗುತ್ತದೆ. ಸ್ಟಾಕ್‌ಬುಕ್ಕುಗಳನ್ನು, ಅಂದರೆ ಚೀಟಿ ಸಿಕ್ಕಿಸಿಡುವ ಪುಸ್ತಕಗಳನ್ನು, ಒಂದರ ಮೇಲೊಂದು ಪೇರಿಸಬೇಡಿ, ಭಾರಕ್ಕೆ ಅಂಟಿಕೊಳ್ಳುತ್ತವೆ. ಶಾಲೆಯ ಪುಸ್ತಕಗಳಂತೆ ನಿಲ್ಲಿಸಿ, ಸಡಿಲವಾಗಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಸಿಲಿಕಾ ಜೆಲ್ ಪೊಟ್ಟಣ ಇಡಿ, ಆದರೆ ಇಟ್ಟು ಮರೆಯಬೇಡಿ. ತೇವ ಕುಡಿದ ಪೊಟ್ಟಣದಿಂದ ಪ್ರಯೋಜನವಿಲ್ಲ, ಆಗಾಗ ಬಿಸಿಮಾಡಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಬಂದ ದಿನ ಮಾತ್ರ ಪುಸ್ತಕ ತೆರೆದು ಗಾಳಿಯಾಡಿಸಿ, ನೇರ ಬಿಸಿಲಿಗೆ ಒಡ್ಡದೆ. ಚೀಟಿ ಹಿಡಿಯಲು ಬೆರಳು ಬೇಡ, ಚಪ್ಪಟೆ ತುದಿಯ ಚಿಮಟ ಬೇಕು. ಕಂದು ಚುಕ್ಕೆ ಬಿದ್ದ ಚೀಟಿಯನ್ನು ಕೂಡಲೇ ಬೇರೆ ಮಾಡಿ, ಬೂಷ್ಟು ಪಕ್ಕದ ಚೀಟಿಗೂ ಹರಡುತ್ತದೆ. ಈಗಾಗಲೇ ಅಂಟಿಕೊಂಡವನ್ನು ಎಳೆಯಬೇಡಿ. ನೀರಿಗೆ ಹಾಕಿದರೆ ಬಿಡುತ್ತವೆ, ಆದರೆ ಅಂಟು ಹೋಗುತ್ತದೆ, ಹೊಸ ಚೀಟಿ ಎಂಬ ಬೆಲೆಯೂ ಹೋಗುತ್ತದೆ. ಸಾಧಾರಣ ಚೀಟಿಯಾದರೆ ಹಾಕಿ, ಇಲ್ಲವಾದರೆ ಹಾಗೆಯೇ ಇಡಿ.

ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತವಾಗಿ ಉಳಿಯುತ್ತದಲ್ಲವೇ? (ಹಾಸನ)

ಶಾಶ್ವತವಾಗಿ ಹಾಳಾಗುತ್ತದೆ.

ಚಿನ್ನದ ಬದಲು ಅಂಚೆಚೀಟಿಯಲ್ಲಿ ಹಣ ಹೂಡಬಹುದೇ? (ಚಿಕ್ಕಮಗಳೂರು)

ಬೇಡ. ಕ್ಯಾಟಲಾಗಿನಲ್ಲಿರುವ ಬೆಲೆ ನೀವು ಮಾರಲು ಹೋದಾಗ ಸಿಗುವ ಬೆಲೆಯಲ್ಲ.

2017ರಲ್ಲಿ ಬಂದ ಕಾಫಿ ಪರಿಮಳದ ನೂರು ರೂಪಾಯಿ ಚೀಟಿ ನನ್ನಲ್ಲಿದೆ. ಪರಿಮಳ ಕಡಿಮೆಯಾಗುತ್ತಿದೆ. ಏನು ಮಾಡಲಿ? (ಬಾಳೆಹೊನ್ನೂರು)

ಬಂದವರಿಗೆಲ್ಲ ಉಜ್ಜಿ ಮೂಸಿಸುವುದನ್ನು ನಿಲ್ಲಿಸಿ. ಅದರ ಲೇಪ ಉಜ್ಜಿದಷ್ಟೂ ಸವೆಯುತ್ತದೆ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಮಕ್ಕಳಿಗೆ ಖರ್ಚಿಲ್ಲದೆ ಹೇಗೆ ಆರಂಭಿಸಲಿ? ವಿದ್ಯಾರ್ಥಿವೇತನವೂ ಇದೆಯಂತೆ. (ಆಲೂರು)

ಇದೆ. ದೀನ ದಯಾಳ್ ಸ್ಪರ್ಶ್ ಯೋಜನೆ ಎಂದು 2017ರಲ್ಲಿ ಶುರುವಾದದ್ದು. ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ, ತಿಂಗಳಿಗೆ 500 ರೂಪಾಯಿಯಂತೆ ವರ್ಷಕ್ಕೆ 6,000. ಮೊದಲು ಲಿಖಿತ ರಸಪ್ರಶ್ನೆ, ಅದರಲ್ಲಿ ಆಯ್ಕೆಯಾದವರು ಅಂಚೆಚೀಟಿಯ ಮೇಲೆ ಒಂದು ಪ್ರಾಜೆಕ್ಟ್ ಮಾಡಬೇಕು. ಶಾಲೆಯಲ್ಲಿ ಅಂಚೆಚೀಟಿ ಸಂಗ್ರಹದ ಕ್ಲಬ್ ಇರಬೇಕು, ಇಲ್ಲದಿದ್ದರೆ ಮಗುವಿನ ಹೆಸರಿನಲ್ಲಿ ಅಂಚೆಚೀಟಿಯ ಠೇವಣಿ ಖಾತೆ ಇರಬೇಕು. ಆ ಖಾತೆಯನ್ನು 200 ರೂಪಾಯಿಯಿಂದ ತೆರೆಯಬಹುದು, ಹೊಸ ಚೀಟಿಗಳು ಮನೆಗೇ ಬರುತ್ತವೆ. ಹಾಸನದ ಪ್ರಧಾನ ಅಂಚೆ ಕಚೇರಿಗೆ ನೀವೇ ಹೋಗಿ ಅರ್ಜಿಯ ಗಡುವು ಕೇಳಿ. ಕ್ಲಬ್ಬನ್ನು ಕಾಗದದ ಮೇಲೆ ಮಾತ್ರ ಮಾಡಬೇಡಿ, ಪ್ರಾಜೆಕ್ಟ್ ಬರೆಯುವಾಗ ಮಕ್ಕಳು ಒದ್ದಾಡುತ್ತಾರೆ.

ಖರ್ಚಿಲ್ಲದ ಆರಂಭಕ್ಕೆ: ಐನೂರು ದೇಶಗಳ ಚೀಟಿ ಎಂದು ಮಾರುವ ಪೊಟ್ಟಣಗಳನ್ನು ಕೊಳ್ಳಬೇಡಿ. ಜಗತ್ತಿನಲ್ಲಿ ಅಷ್ಟು ದೇಶಗಳೇ ಇಲ್ಲ, ಮತ್ತು ಒಳಗಿರುವ ಬಣ್ಣಬಣ್ಣದ ಚೀಟಿಗಳಲ್ಲಿ ಬಹಳಷ್ಟು ಸಂಗ್ರಹಕಾರರಿಗೆ ಮಾರಲೆಂದೇ ಮುದ್ರೆ ಒತ್ತಿ ಹೊರಡಿಸಿದಂಥವು, ಅಂಚೆಯ ಮುಖ ನೋಡಿದವಲ್ಲ. ಅದರ ಬದಲು ಶ್ರವಣಬೆಳಗೊಳಕ್ಕೋ ಬೇಲೂರಿಗೋ ಪ್ರವಾಸ ಹೋದಾಗ ಪ್ರತಿ ಮಗುವಿನ ಕೈಗೂ ಒಂದು ಪೋಸ್ಟ್‌ಕಾರ್ಡ್ ಕೊಡಿ. ತಮ್ಮ ಮನೆಯ ವಿಳಾಸ ತಾವೇ ಬರೆಯಲಿ. ಅಲ್ಲಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಸ್ಥಳದ ಚಿತ್ರವಿರುವ ಮುದ್ರೆಯನ್ನು ಕೇಳಿ ಹಾಕಿಸಿ. ತಾನಾಗಿ ಹಾಕಿಕೊಡುವುದಿಲ್ಲ, ಕೇಳಬೇಕು. ಮಸಿ ಒಣಗುವವರೆಗೆ ಬೆರಳು ತಾಗಿಸದಂತೆ ನೋಡಿಕೊಂಡು, ಅಲ್ಲಿಯೇ ಅಂಚೆಗೆ ಹಾಕಿಸಿ.